ನೀರು ಗೋಡೆ ಹತ್ತುವ ಬಗೆ

ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಬೆರಳಿಂದ ಒತ್ತಿದರೆ ಒಡೆದು ಬಿಳಿ ಪುಡಿ ಉದುರುತ್ತದೆ. ಕೆರೆದು, ಪುಟ್ಟಿ ಮೆತ್ತಿ, ಮೇಲೊಂದು ಕೋಟ್ ವಾಟರ್‌ಪ್ರೂಫ್ ಬಣ್ಣ ಹೊಡೆಸಿದರೆ ಮುಗೀತು ಅಂದುಕೊಳ್ಳುತ್ತೇವೆ. ಕೆಲವು ತಿಂಗಳು ಗೋಡೆ ಫಳಫಳ ಹೊಳೆಯುತ್ತದೆ. ಆಮೇಲೆ ಅದೇ ಗುಳ್ಳೆ, ಈ ಸಲ ಒಂದು ಗೇಣು ಮೇಲೆ! ಬಣ್ಣ ಕಳಪೆ ಅಂತ ಬೈದುಕೊಳ್ಳುತ್ತೇವೆ. ಪಾಪ, ಬಣ್ಣ ನೀರನ್ನು ಚೆನ್ನಾಗಿಯೇ ತಡೆದಿದೆ. ಎಡವಟ್ಟಾಗಿದ್ದೇ ಅಲ್ಲಿ.

ಗೋಡೆಯೊಳಗೆ ನೀರು ಮೇಲಕ್ಕೆ ಹತ್ತುತ್ತದೆ. ಇಟ್ಟಿಗೆಯಲ್ಲೂ ಗಾರೆಯಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಂದಕ್ಕೊಂದು ಕೂಡಿಕೊಂಡು ಸಣ್ಣ ಕೊಳವೆಗಳ ಜಾಲವೇ ಆಗಿವೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಈ ಜಾಲ ನೆಲದ ತೇವವನ್ನು ಎಳೆಯುತ್ತದೆ. ಶಾಲೆಯಲ್ಲಿ ಲೋಮನಾಳ ಕ್ರಿಯೆ ಅಂತ ಓದಿದ್ದು ಇದನ್ನೇ. 1718ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂರಿನ್ ಇದರ ಲೆಕ್ಕ ಹೇಳಿದ: ಕೊಳವೆ ಎಷ್ಟು ಸಪೂರವೋ ನೀರು ಅಷ್ಟು ಎತ್ತರ. 1 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ವ್ಯಾಸವನ್ನು ಅದರ ಹತ್ತನೇ ಒಂದು ಪಾಲಿಗೆ ಇಳಿಸಿದರೆ 30 ಸೆಂಟಿಮೀಟರ್. ನೋಡಲು ಚಿಲ್ಲರೆ ವಿಷಯ ಅನ್ನಿಸುತ್ತೆ, ಅಲ್ವಾ? ಐನ್‌ಸ್ಟೈನ್ 1901ರಲ್ಲಿ ಪ್ರಕಟಿಸಿದ ಮೊಟ್ಟಮೊದಲ ಸಂಶೋಧನಾ ಲೇಖನವೂ ಇದೇ ಲೋಮನಾಳ ವಿದ್ಯಮಾನದ ಬಗ್ಗೆ. ಸಾಪೇಕ್ಷತೆ ಬಂದದ್ದು ಆಮೇಲೆ.

ಇಟ್ಟಿಗೆಯ ರಂಧ್ರಗಳು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿರುತ್ತವೆ. ಜೂರಿನ್ ಲೆಕ್ಕದಲ್ಲಿ ನೀರು 30 ಮೀಟರ್ ಏರಬೇಕು. ಅಂದರೆ ಹತ್ತನೇ ಮಹಡಿಗೂ ತೇವ ತಲುಪಬೇಕು! ಆದರೆ ನೆಲದಿಂದ ಬಂದ ತೇವ ಹೆಚ್ಚಾಗಿ ಒಂದು ಮೀಟರ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಯಾಕೆ? ಏರುವ ದಾರಿಯುದ್ದಕ್ಕೂ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಕೆಳಗಿಂದ ಬರುವ ನೀರೂ ಮೈಯಿಂದ ಹೋಗುವ ಆವಿಯೂ ಎಲ್ಲಿ ಸಮವಾಗುತ್ತವೋ ಅಲ್ಲಿ ತೇವದ ಗೆರೆ.

ಈಗ ಆ ಮೈಗೆ ವಾಟರ್‌ಪ್ರೂಫ್ ಬಣ್ಣ ಬಳಿಯಿರಿ, ಇಲ್ಲವೇ ಟೈಲ್ಸ್ ಅಂಟಿಸಿ. ಆವಿ ಹೋಗುವ ದಾರಿ ಮುಚ್ಚಿತು. ಕೆಳಗಿನ ಎಳೆತ ಮಾತ್ರ ಹಾಗೇ ಇದೆ. ಹಾಗಾಗಿ ನೀರು ಬಣ್ಣ ಮುಗಿಯುವ ಜಾಗ ಹುಡುಕಿಕೊಂಡು ಮೇಲೆ ಹೋಗುತ್ತದೆ. ಒಂದು ಗೇಣು ಮೇಲೆ ಗುಳ್ಳೆ ಎದ್ದದ್ದು ಹೀಗೆ.

ಆ ಬಿಳಿ ಪುಡಿ ಉಪ್ಪು. ಅಡುಗೆ ಉಪ್ಪೊಂದೇ ಅಲ್ಲ, ಸಲ್ಫೇಟು, ನೈಟ್ರೇಟು ಎಲ್ಲ ಸೇರಿರುತ್ತವೆ. ಮಣ್ಣಲ್ಲಿ, ಇಟ್ಟಿಗೆಯಲ್ಲಿ, ಸಿಮೆಂಟಿನಲ್ಲಿ ಇದ್ದದ್ದನ್ನು ನೀರು ಕರಗಿಸಿ ಹೊತ್ತು ತರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಗೋಡೆಯ ಹೊರಮೈಯಲ್ಲಿ ಹರಳುಗಟ್ಟಿದರೆ ಬ್ರಷ್‌ನಲ್ಲಿ ಉಜ್ಜಿದರಾಯಿತು. ಬಣ್ಣದ ಹಿಂದೆ, ರಂಧ್ರದೊಳಗೆ ಹರಳುಗಟ್ಟಿದರೆ ಗಾರೆಯನ್ನೇ ಒಡೆಯುತ್ತದೆ. ಸೋಡಿಯಂ ಸಲ್ಫೇಟ್ ಅಂತೂ ಹತ್ತು ನೀರಿನ ಅಣುಗಳನ್ನು ಒಳಗೆ ಸೇರಿಸಿಕೊಂಡಾಗ ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ. ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕರಗಿ ವಾಪಸ್ ಒಳಗೇ ಹೋಗುತ್ತದೆ. ಒಣ ಬ್ರಷ್ಷೇ ಸರಿ.

ಎಲ್ಲ ತೇವವೂ ನೆಲದಿಂದಲೇ ಬರುವುದಿಲ್ಲ, ಅದನ್ನೂ ಹೇಳಬೇಕು. ಒಡೆದ ಪೈಪು ಇರಬಹುದು, ಹೊರಗೋಡೆಯ ಬಿರುಕಿರಬಹುದು. ಕೋಣೆಯ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗಿರಬಹುದು. ಪರೀಕ್ಷೆ ಸುಲಭ. ಗೋಡೆಯ ಮೈ ಒರೆಸಿ, ಅಂಗೈಯಗಲದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹನಿ ಕೋಣೆಯ ಕಡೆ ಮುಖದ ಮೇಲಿದ್ದರೆ ಅದು ಗಾಳಿಯದ್ದು, ಹಿಂದಿದ್ದರೆ ಗೋಡೆಯದ್ದು. ಗಾಳಿಯದ್ದಾದರೆ ಕಿಟಕಿ, ಫ್ಯಾನು ಸಾಕು. ಯಾವ ಬಣ್ಣವೂ ಬೇಡ.

ಗೋಡೆಗೆ ನೇತುಹಾಕಿದರೆ ಸಾಕು, ಅಲೆ ಬಿಟ್ಟು ನೀರನ್ನು ನೆಲಕ್ಕೆ ವಾಪಸ್ ಕಳಿಸುತ್ತದೆ ಅನ್ನುವ ಡಬ್ಬಿಗಳೂ ಮಾರಾಟಕ್ಕಿವೆ. ಡಬ್ಬಿ ಇಟ್ಟ ಮೇಲೆ ಗೋಡೆ ಒಣಗಿದರೆ ಬೇಸಿಗೆಗೋ ರಿಪೇರಿಯಾದ ಪೈಪಿಗೋ ಥ್ಯಾಂಕ್ಸ್ ಹೇಳಬೇಕು. ತಾಯತ ಕಟ್ಟಿದ್ದಕ್ಕೆ ಜ್ವರ ಬಿಟ್ಟಿತು ಅನ್ನುವವರನ್ನು ನೋಡಿ ನಗುವವರೂ ಇದನ್ನು ಕೊಳ್ಳುತ್ತಾರೆ!

ನೀರಿನ ಮೂಲ ನಿಲ್ಲಿಸಿದ ಮೇಲೆ ಒಣಗಿಸುವ ಕೆಲಸ. ಹಳೆ ಬಣ್ಣ, ಉಪ್ಪು ತಿಂದ ಪ್ಲಾಸ್ಟರ್ ಎಲ್ಲ ಕೆತ್ತಿ ಇಟ್ಟಿಗೆಗೆ ಗಾಳಿ ತಾಗಿಸಬೇಕು. 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನುವುದು ಕಟ್ಟಡದವರ ಹಳೆಯ ಅಂದಾಜು. ಒಂಬತ್ತು ಇಂಚಿನ ಗೋಡೆಗೆ ಒಂಬತ್ತು ತಿಂಗಳು. ಇಷ್ಟೊಂದಾ ಅನ್ನಬೇಡಿ. ಮೊದಮೊದಲು ಒಳಗಿನ ನೀರು ದ್ರವವಾಗಿಯೇ ಮೈಗೆ ಬರುತ್ತದೆ, ಬೇಗ ಆರುತ್ತದೆ. ಆಮೇಲೆ ಆ ನೀರಿನ ಎಳೆ ತುಂಡಾಗಿ, ಆವಿ ಒಂದೊಂದೇ ರಂಧ್ರ ದಾಟಿ ಬರಬೇಕು. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ನಡುಮಧ್ಯೆ ಒದ್ದೆ. ಬಣ್ಣ ಹೊಡೆಸಿ ಮೋಸ ಹೋಗುವುದು ಈ ಹಂತದಲ್ಲೇ. ಗೋಡೆಗೆ ಹೀಟರ್ ಹಿಡಿಯುವುದಕ್ಕಿಂತ ಫ್ಯಾನ್ ಮೇಲು. ಮೈಗೆ ಅಂಟಿ ನಿಂತ ತೇವದ ಗಾಳಿಯನ್ನು ಅದು ಸರಿಸುತ್ತದೆ. ಮಳೆ ಸುರಿಯುವ ದಿನ ಮಾತ್ರ ಕಿಟಕಿ ತೆರೆದಿಟ್ಟು ಪ್ರಯೋಜನವಿಲ್ಲ.

ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಇದಕ್ಕೆ ಉಪಾಯ ಬರೆದಿಟ್ಟಿದ್ದ. ತೇವದ ಗೋಡೆಯ ಒಳಗಡೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ತೆಳು ಗೋಡೆ ಕಟ್ಟಿ, ನಡುವಿನ ಸಂದಿಗೆ ಗಾಳಿ ಆಡಲು ಕಿಂಡಿ ಬಿಡಿ ಅಂದಿದ್ದ. ತೇವ ಆರಿಹೋಗಲು ದಾರಿ ಬಿಟ್ಟ, ಜಾಣ!

ಇನ್ನು ಸೀಲ್ ಮಾಡುವುದು. ನನಗೆ ತುಂಬ ಇಷ್ಟವಾದ ಭಾಗ ಇದು. ಸಿಲೇನ್, ಸಿಲೋಕ್ಸೇನ್ ಅನ್ನುವ ರಾಸಾಯನಿಕಗಳು ರಂಧ್ರವನ್ನು ಮುಚ್ಚುವುದಿಲ್ಲ. ಅದರ ಒಳಮೈಗೆ ತೆಳ್ಳಗೆ ಅಂಟಿ, ನೀರಿಗೆ ಆಗದ ಮೈ ಮಾಡುತ್ತವೆ. ಆಗ ಜೂರಿನ್ ಸೂತ್ರದಲ್ಲಿ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಮೇಲಕ್ಕೆ ಎಳೆಯುತ್ತಿದ್ದ ಅದೇ ರಂಧ್ರ ನೀರನ್ನು ಕೆಳಕ್ಕೆ ದಬ್ಬುತ್ತದೆ. ಆವಿಗೆ ದಾರಿ ಹಾಗೇ ತೆರೆದಿರುತ್ತದೆ. ಗೋಡೆಯ ಬುಡದ ಗಾರೆ ಸಾಲಿನಲ್ಲಿ ಉದ್ದಕ್ಕೂ ತೂತು ಕೊರೆದು ಇದರ ಕ್ರೀಮ್ ತುಂಬುತ್ತಾರೆ. ಮೇಲೆ ಸುಣ್ಣದ ಗಾರೆ, ಆವಿ ಬಿಡುವ ಬಣ್ಣ. ಆದರೆ ಹೊರಗಿನ ನೀರು ಒತ್ತಡದಿಂದ ನುಗ್ಗುವ ನೆಲಮಾಳಿಗೆಗೆ ಈ ಉಪಾಯ ಸಾಲದು.

ತೇವ ಅಳೆಯಲು ಗೋಡೆಗೆ ಚುಚ್ಚುವ ಎರಡು ಮುಳ್ಳಿನ ಮೀಟರನ್ನು ಪೂರ್ತಿ ನಂಬಬೇಡಿ. ಅದು ಅಳೆಯುವುದು ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಉಪ್ಪು ಉಳಿದಿದ್ದರೆ ಸ್ವಲ್ಪ ತೇವಕ್ಕೇ ಮೀಟರಿನ ಅಂಕಿ ಜೋರಾಗಿ ಏರುತ್ತದೆ. ಆಳದಿಂದ ಡ್ರಿಲ್‌ನಲ್ಲಿ ನಿಧಾನಕ್ಕೆ ಪುಡಿ ತೆಗೆದು, ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿದರೆ ಕಮ್ಮಿಯಾದಷ್ಟು ತೂಕ ಗೋಡೆಯಲ್ಲಿದ್ದ ನೀರಿನದು.