ವಾಚ್ 44 ತೋರಿಸಿದ ರಾತ್ರಿ

ಹೊಸ ವಾಚ್ ಕಟ್ಟಿಕೊಂಡ ವಾರದಲ್ಲೇ ಕೆಲವರು ಓಡಿ ಬರುತ್ತಾರೆ. "ಡಾಕ್ಟ್ರೇ, ರಾತ್ರಿ ನಾಡಿ 44 ತೋರಿಸ್ತಿದೆ!" ನಾನು ವಾಚ್ ಪಕ್ಕಕ್ಕಿಟ್ಟು ಮಣಿಕಟ್ಟು ಹಿಡಿಯುತ್ತೇನೆ.

ಸುಮ್ನೆ ಕೂತಾಗ ನಾಡಿ ನಿಮಿಷಕ್ಕೆ 60ರಿಂದ 100 ಇರುವುದು ವಾಡಿಕೆ. ಅದಕ್ಕಿಂತ ಕಡಿಮೆಯಾದರೆ ಬ್ರಾಡಿಕಾರ್ಡಿಯಾ ಅನ್ನುತ್ತೇವೆ. ಹೆಸರು ಕೇಳಿ ಹೆದರಬೇಡಿ. ದಿನಾ ಓಡುವವರ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, 40ರ ಆಸುಪಾಸಿನಲ್ಲೂ ಅವರು ಆರಾಮಾಗಿರಬಹುದು. ನಿದ್ದೆಯಲ್ಲಿ ಎಲ್ಲರ ನಾಡಿಯೂ ಇಳಿಯುತ್ತದೆ.

ವಾಚ್ ಲೆಕ್ಕ ತಪ್ಪುವುದೂ ಉಂಟು. ಕೆಲವರಿಗೆ ಒಂದು ಬಿಟ್ಟು ಒಂದು ಬಡಿತ ಅವಸರಪಟ್ಟು ಬರುತ್ತದೆ. ಹೃದಯ ತುಂಬುವ ಮೊದಲೇ ಹಿಂಡುವುದರಿಂದ ಆ ಬಡಿತದ ಅಲೆ ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ನನ್ನ ಬೆರಳಿಗೂ 38 ಸಿಗುತ್ತದೆ, ಇಸಿಜಿಯಲ್ಲಿ ನೋಡಿದರೆ 76!

ನಾನು ಕೇಳುವ ಮುಖ್ಯ ಪ್ರಶ್ನೆ ಬೇರೆ. ಮೆಟ್ಟಿಲು ಹತ್ತಿದಾಗ ಎಷ್ಟಾಗುತ್ತೆ? ಕೂತಾಗ 48 ಇದ್ದು, ಎರಡು ಮಹಡಿ ಹತ್ತಿದಾಗ 100 ದಾಟಿದರೆ ನನಗೆ ಅರ್ಧ ಸಮಾಧಾನ. ಹತ್ತಿದ ಮೇಲೂ 50ರಲ್ಲೇ ಕೂತಿದ್ದು, ಏದುಸಿರು ಬರುತ್ತಿದ್ದರೆ ಹೃದಯದಲ್ಲಿ ಬಡಿತ ಹುಟ್ಟಿಸುವ ಪುಟ್ಟ ಭಾಗವನ್ನೋ, ಅದನ್ನು ಕೆಳಕ್ಕೆ ದಾಟಿಸುವ ದಾರಿಯನ್ನೋ ಅನುಮಾನಿಸುತ್ತೇನೆ. ಆಗ ಇಸಿಜಿ, ಬೇಕಾದರೆ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ, ಜೊತೆಗೆ ಥೈರಾಯ್ಡ್ ಮತ್ತು ಪೊಟ್ಯಾಶಿಯಂ ಪರೀಕ್ಷೆ.

ಕಣ್ಣು ಕತ್ತಲೆ ಕಟ್ಟುವುದು, ಹೊಸದಾಗಿ ಶುರುವಾದ ಸುಸ್ತು, ವಯಸ್ಸಾದವರಲ್ಲಿ ಗಲಿಬಿಲಿ ಇದ್ದರೆ ಬೇಗ ತೋರಿಸಿ. ಜ್ಞಾನ ತಪ್ಪಿದರೆ, ಎದೆ ನೋವು ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೀವೇ ಗಾಡಿ ಓಡಿಸಿಕೊಂಡೂ ಹೋಗಬೇಡಿ, ತುರ್ತು ವಿಭಾಗಕ್ಕೆ ಯಾರಾದರೂ ಕರೆದೊಯ್ಯಲಿ.

ಒಬ್ಬ ಹಿರಿಯರ ನಾಡಿ 42 ಇತ್ತು, ತಲೆಸುತ್ತು ಬೇರೆ. ಮಾತ್ರೆ ಏನೂ ಇಲ್ಲ ಅಂದರು. ಹೊರಡುವಾಗ ಮಗಳು, "ಅಪ್ಪ, ಗ್ಲಾಕೋಮಾಕ್ಕೆ ಹನಿ ಹಾಕ್ಕೋತೀಯಲ್ವಾ?" ಅಂದಳು. ಆ ಹನಿ ಟಿಮೋಲಾಲ್! ಕಣ್ಣಿಗೆ ಬಿಟ್ಟ ಹನಿಯೂ ರಕ್ತಕ್ಕೆ ಸೇರಿ ಹೃದಯವನ್ನು ನಿಧಾನ ಮಾಡಬಲ್ಲದು. ಕಣ್ಣಿನ ಡಾಕ್ಟರ್ ಜೊತೆ ಮಾತಾಡಿ ಹನಿ ಬದಲಿಸಿದೆವು. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್‌ನಂಥ ಮಾತ್ರೆಗಳೂ ಹೀಗೇ ಮಾಡಬಹುದು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಕೆಲವನ್ನು ದಿಢೀರನೆ ಬಿಟ್ಟರೆ ಇನ್ನೂ ಅಪಾಯ. ಬರುವಾಗ ಎಲ್ಲ ಮಾತ್ರೆ ಚೀಟಿ ತನ್ನಿ, ಹನಿ ಬಾಟಲಿಯನ್ನೂ.