ಕರುಳಿನ ಆಪರೇಷನ್ ಆಗಿದೆ, ಅಪ್ಪನಿಗೆ ರೊಟ್ಟಿ ಯಾವಾಗ ಕೊಡಬಹುದು?

ಸೇಡಂ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಪ್ಪನಿಗೆ ದೊಡ್ಡ ಕರುಳಿನ ಆಪರೇಷನ್ ಆಗಿ 15 ದಿನ ಆಯ್ತು. ಬರೀ ಮೆತ್ತನೆ ಅನ್ನ ಕೊಡ್ತಿದ್ದೇವೆ. ರೊಟ್ಟಿ ಉಣ್ಣದೆ ಊಟ ಮಾಡಿದಂಗೇ ಆಗಲ್ಲ ಅಂತಾರೆ. ಬ್ಯಾಳಿಯಲ್ಲಿ ನೆನೆಸಿ ಕೊಡಲಾ?’

ಈಗಲೇ ಬೇಡ. ಕರುಳು ಕತ್ತರಿಸಿ ಹೊಲಿದ ಜಾಗ ಕೆಲವು ವಾರ ಬಾತಿರುತ್ತದೆ, ದಾರಿ ಕಿರಿದಾಗಿರುತ್ತದೆ. ಜೋಳದಲ್ಲಿ ನಾರು ಜಾಸ್ತಿ. ನೆನೆಸಿದರೆ ರೊಟ್ಟಿ ಮೆತ್ತಗಾಗುತ್ತದೆ, ನಾರು ಕಡಿಮೆ ಆಗಲ್ಲ. ಸಾಮಾನ್ಯವಾಗಿ 4ರಿಂದ 6 ವಾರ ನಾರು ಕಡಿಮೆ ಇರುವ ಊಟ ಹೇಳುತ್ತಾರೆ, ಆದರೆ ನಿಮ್ಮ ಸರ್ಜನ್ ಹೇಳಿದ ದಿನವೇ ಲೆಕ್ಕ. ಅವರು ಹೂಂ ಅಂದ ಮೇಲೆ ಅರ್ಧ ರೊಟ್ಟಿ, ತೆಳು ಬ್ಯಾಳಿಯಲ್ಲಿ ಚೆನ್ನಾಗಿ ನೆನೆಸಿ, ಮಧ್ಯಾಹ್ನ ಕೊಡಿ. ನಿಧಾನವಾಗಿ ಅಗಿದು ತಿನ್ನಲಿ. ಎರಡು ದಿನ ಹೊಟ್ಟೆ ಹೇಗಿದೆ ನೋಡಿ, ಆಮೇಲೆ ಇನ್ನೊಂದು ಪದಾರ್ಥ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಎಲ್ಲಕ್ಕಿಂತ ಕೊನೆಗೆ. ಮಾತಾಡಿಸಲು ಬಂದವರು ಪೇರಲ ಹಣ್ಣು ತಂದರೆ ಮನೆಯ ಮಕ್ಕಳಿಗೆ ಕೊಡಿ, ಅದರ ಬೀಜ ಅಪ್ಪನಿಗೆ ಈಗ ಆಗಲ್ಲ.

ಹಾಗಂತ ಬರೀ ಅನ್ನದ ಮೇಲೆ ಇಡಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ಮೊಸರು, ಬೇಯಿಸಿದ ಮೊಟ್ಟೆ, ಸೋಸಿದ ಬ್ಯಾಳಿ ಕಟ್ಟು ಕೊಡಿ. ಸಿಪ್ಪೆ ತೆಗೆದ ಆಲೂಗಡ್ಡೆ, ಕಳಿತ ಬಾಳೆಹಣ್ಣೂ ಆಗುತ್ತದೆ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ.

ನೀರಿನ ಕಡೆ ಹೆಚ್ಚು ಗಮನ ಇರಲಿ. ಮಲದಲ್ಲಿನ ನೀರು ಹೀರಿ ಗಟ್ಟಿ ಮಾಡುವುದೇ ದೊಡ್ಡ ಕರುಳಿನ ಕೆಲಸ, ಅದರಲ್ಲಿ ಒಂದು ಭಾಗ ತೆಗೆದರೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ತೆಳ್ಳಗೆ ಮತ್ತೆ ಮತ್ತೆ ಆಗಬಹುದು. ಇದಕ್ಕೆ ಹೆದರಬೇಕಿಲ್ಲ. ಆದರೆ ನಮ್ಮ ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬೆವರೂ ಹೋಗುತ್ತದೆ, ಹಾಗಾಗಿ ಉಪ್ಪು ಹಾಕಿದ ತೆಳು ಮಜ್ಜಿಗೆ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಹೃದಯದ ಅಥವಾ ಕಿಡ್ನಿ ತೊಂದರೆ ಇದ್ದರೆ ಎಷ್ಟು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಮಲ ಹೊರಹೋಗಲು ಹೊಟ್ಟೆಗೆ ಚೀಲ ಹಾಕಿದ್ದರೆ ಊಟ, ನೀರಿನ ಲೆಕ್ಕವೇ ಬೇರೆ.

ಕೆಲವರಿಗೆ ಉಲ್ಟಾ, ನೋವಿನ ಗುಳಿಗೆಯಿಂದ ಮಲಬದ್ಧತೆ ಆಗುತ್ತದೆ. ಆಗ ಯಾರೋ ಹೇಳಿದರು ಅಂತ ಔಡಲೆಣ್ಣೆ ಕುಡಿಸಬೇಡಿ, ದಯವಿಟ್ಟು. ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಜಾಸ್ತಿಯಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಿನ ತನಕ ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.