ಬಂಗುಡೆ ಕಾವಲಿಗೆ ಅಂಟಿದರೆ ಕೈಗುಣವನ್ನು ದೂರಬೇಡಿ

"ಅವಳ ಕೈಗುಣ ಒಳ್ಳೆಯದು, ಹುರಿದರೆ ಒಂದು ಮೀನೂ ಮುರಿಯುವುದಿಲ್ಲ" ಎಂಬ ಮಾತನ್ನು ಕರಾವಳಿಯ ಅಡುಗೆಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೊಗಳಿಕೆಯಾಗಿ ಅದು ಸರಿ. ಆದರೆ ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಬಂಗುಡೆ ಕಾವಲಿಗೆ ಕಚ್ಚಿಕೊಂಡು ಚರ್ಮ ಕಿತ್ತುಬಂದಾಗ ಅದೇ ಮಾತು ತಿರುಗಿ ಅವಳಿಗೇ ತಗಲುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ. ಮೀನು ಅಂಟುವುದಕ್ಕೂ ಹುರಿಯುವವರ ಹಣೆಬರಹಕ್ಕೂ ಸಂಬಂಧವಿಲ್ಲ. ಅಂಟಿಸುವುದು ಪ್ರೋಟೀನು, ಬಿಡಿಸಲು ಅಡ್ಡಿಯಾಗುವುದು ನೀರು.

ಹಸಿ ಮೀನಿನ ಪ್ರೋಟೀನು ಬಿಗಿಯಾಗಿ ಸುತ್ತಿಟ್ಟ ನೂಲಿನ ಉಂಡೆಯ ಹಾಗೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಉಂಡೆ ಬಿಚ್ಚಿಕೊಳ್ಳತೊಡಗುತ್ತದೆ. ಬಿಚ್ಚಿದ ಎಳೆಗಳು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತವೆ. ಎದುರಿಗೆ ಕಬ್ಬಿಣವಿದ್ದರೆ ಕಬ್ಬಿಣವನ್ನೇ. ಇನ್ನೂ ಬಿಸಿಯಾದಾಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಒಣಗಿ, ಗರಿಗರಿ ಪದರವಾಗುತ್ತವೆ. ಆಗ ಕಬ್ಬಿಣದ ಮೇಲಿನ ಹಿಡಿತ ತಾನಾಗಿ ಸಡಿಲಗೊಳ್ಳುತ್ತದೆ. ಗೋಡೆಗೆ ತಟ್ಟಿದ ಬೆರಣಿಯನ್ನು ನೆನಪಿಸಿಕೊಳ್ಳಿ: ಹಸಿ ಇರುವಾಗ ಎಳೆದರೆ ಅರ್ಧ ಗೋಡೆಯಲ್ಲೇ ಉಳಿಯುತ್ತದೆ, ಒಣಗಿದ ಮೇಲೆ ಬೆರಳು ತಾಗಿಸಿದರೆ ಸಾಕು, ಇಡಿಯಾಗಿ ಬರುತ್ತದೆ. ನೀರುದೋಸೆಯೂ ಹಾಗೆಯೇ, ಬೆಂದಾಗ ಅಂಚು ತಾನೇ ಏಳುತ್ತದೆ. ಏಳುವ ಮೊದಲೇ ಸಟ್ಟುಗ ತೂರಿಸುವುದು ನಮ್ಮ ಅವಸರ.

ಆ ಪದರ ಕಟ್ಟಬೇಕಾದರೆ ಮೀನಿನ ಮೈ ಸುಮಾರು 140 ಡಿಗ್ರಿ ಮುಟ್ಟಬೇಕು. ನೀರು ಇರುವಷ್ಟು ಹೊತ್ತು ಅದು 100 ದಾಟುವುದಿಲ್ಲ. ನೀರಿನ ಹಟ ಸಾಮಾನ್ಯವಾದುದಲ್ಲ. ಮಂಜುಗಡ್ಡೆಯಷ್ಟು ತಣ್ಣಗಿನ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಐದು ಪಟ್ಟಿಗಿಂತಲೂ ಹೆಚ್ಚು ಶಾಖ, ಕುದಿಯುತ್ತಿರುವ ಆ ನೀರನ್ನು ಆವಿ ಮಾಡಲು ಬೇಕು. ತೊಳೆದ ಬಂಗುಡೆಯ ಮೈಮೇಲೆ ಉಳಿದ ಒಂದು ಚಮಚ ನೀರು ಕಾವಲಿಯ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಅಷ್ಟರಲ್ಲಿ ಒಳಗಿನ ಮಾಂಸ ಬೆಂದು ಮೆತ್ತಗಾಗಿರುತ್ತದೆ, ಚರ್ಮ ಮಾತ್ರ ಇನ್ನೂ ಕಬ್ಬಿಣವನ್ನು ಬಿಟ್ಟಿರುವುದಿಲ್ಲ. ಮೀನಿನ ಮಾಂಸ ಆಡಿನದರಂತೆ ಉದ್ದ ನಾರಲ್ಲ. ತೆಳು ಹಾಳೆಗಳನ್ನು ಅಂಟಿನಿಂದ ಜೋಡಿಸಿದಂತಿರುತ್ತದೆ, ಆ ಅಂಟು ಬೇಗ ಕರಗುತ್ತದೆ. ಮಗುಚಿದರೆ ಮುರಿಯದೆ ಇನ್ನೇನಾದೀತು?

ಆದ್ದರಿಂದ ಮಸಾಲೆ ಹಚ್ಚುವ ಮೊದಲು ಮೀನನ್ನು ಒಳಗೂ ಹೊರಗೂ ಬಟ್ಟೆಯಿಂದ ಒತ್ತಿ ಒರೆಸಿ. ಬ್ಯಾಡಗಿ ಮೆಣಸು, ಅರಿಶಿನ, ಉಪ್ಪು, ಹುಣಸೆಹಣ್ಣನ್ನು ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಿ. ಹಚ್ಚಿ ಅರ್ಧ ಗಂಟೆ ಇಟ್ಟರೆ ಉಪ್ಪು ಮೀನಿನೊಳಗಿನ ನೀರನ್ನು ಎಳೆಯುತ್ತದೆ. ತಟ್ಟೆಯ ತಳದಲ್ಲಿ ನಿಂತ ಆ ನೀರನ್ನು ಚೆಲ್ಲಿ. ಹುಣಸೆಯ ಹುಳಿ ಬರಿಯ ರುಚಿಗಲ್ಲ. ಮೀನಿನ ಕಮಟು ವಾಸನೆಗೆ ಕಾರಣವಾದ ಟ್ರೈಮೀಥೈಲಮೀನ್ ಎಂಬ ಕ್ಷಾರಗುಣದ ವಸ್ತು ಆಮ್ಲದೊಡನೆ ಸೇರಿ ಗಾಳಿಗೆ ಏಳದಂತಾಗುತ್ತದೆ. ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದದೆಯೇ ಇದನ್ನು ಕಂಡುಕೊಂಡಿದ್ದರು.

ಕಾವಲಿಯ ಬಿಸಿ ನೋಡಲು, ಎಣ್ಣೆ ಹಾಕುವ ಮೊದಲೇ ಒಂದು ಹನಿ ನೀರು ಚಿಮುಕಿಸುವ ಪದ್ಧತಿಯಿದೆ. ಹನಿ ಚುಂಯ್ ಎಂದು ಕ್ಷಣದಲ್ಲಿ ಆರಿದರೆ ಹದ ಸರಿ. ಮುತ್ತಿನಂತೆ ಉರುಳಾಡಿದರೆ ಬಿಸಿ ಅತಿಯಾಗಿದೆ. ಕಾದ ಕಬ್ಬಿಣದ ಚಮಚದಲ್ಲಿ ಹನಿ ಹೀಗೆ ಆಡುವುದನ್ನು ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ವಿವರವಾಗಿ ಬರೆದಿಟ್ಟ. ಹನಿ ತನ್ನದೇ ಆವಿಯ ಹಾಸಿಗೆಯ ಮೇಲೆ ತೇಲುತ್ತದೆ. ಅಷ್ಟು ಬಿಸಿಯಲ್ಲಿ ಗಾಣದ ತೆಂಗಿನೆಣ್ಣೆ ಹೊಗೆಯಾಡುತ್ತದೆ, ಮೆಣಸು ಕಪ್ಪಾಗುತ್ತದೆ. ಉರಿ ತಗ್ಗಿಸಿ ಸ್ವಲ್ಪ ಕಾಯಿರಿ.

ಇನ್ನೊಂದು ತಪ್ಪು ಕಲ್ಪನೆ ಓದಿದವರಲ್ಲೇ ಹೆಚ್ಚು: ಮೊದಲು ಜೋರಾಗಿ ಹುರಿದರೆ ರಂಧ್ರಗಳು ಮುಚ್ಚಿ ರಸ ಒಳಗೇ ಉಳಿಯುತ್ತದಂತೆ. ಇದನ್ನು ಹಬ್ಬಿಸಿದವನು ಸಾಮಾನ್ಯನಲ್ಲ, 1847ರಲ್ಲಿ ಆಹಾರ ರಸಾಯನದ ಬಗ್ಗೆ ಬರೆದ ಮಹಾ ವಿಜ್ಞಾನಿ ಲೀಬಿಗ್. ದೊಡ್ಡ ಹೆಸರು ಹೇಳಿದ ಮಾತನ್ನು ಪರೀಕ್ಷಿಸದೆ ನಂಬುವುದೂ ಕೈಗುಣವನ್ನು ನಂಬಿದಂತೆಯೇ. ಪರೀಕ್ಷೆಗೆ ಕಿವಿ ಸಾಕು. ಕಂದು ಪದರ ಕಟ್ಟಿದ ಮೇಲೂ ಕಾವಲಿ ಚುಂಯ್‌ಗುಟ್ಟುತ್ತಲೇ ಇರುತ್ತದೆ. ಆ ಸದ್ದು ಹೊರಬರುತ್ತಿರುವ ರಸದ್ದೇ. ಕಂದು ಪದರ ಕೊಡುವುದು ರುಚಿ, ಪರಿಮಳ.

ಬಂಗುಡೆಯ ಮೈಗೆ ಎರಡು ಮೂರು ಗೀರು ಹಾಕುವುದು ಮಸಾಲೆಗೆ ಮಾತ್ರವಲ್ಲ. ಬಿಸಿಗೆ ಕುಗ್ಗುವ ಚರ್ಮ ಮೀನನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಗೀರಿದ್ದರೆ ಮೈ ಚಪ್ಪಟೆಯಾಗಿ ಕಾವಲಿಗೆ ಕೂರುತ್ತದೆ. ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಮುಟ್ಟಬೇಡಿ. ಆಮೇಲೆ ಕಾವಲಿಯನ್ನು ಮೆಲ್ಲನೆ ಅಲ್ಲಾಡಿಸಿ. ಮೀನು ಜಾರಿದರೆ ಮಗುಚಿ, ಜಾರದಿದ್ದರೆ ಇನ್ನೊಂದು ನಿಮಿಷ ಬಿಡಿ. ಎರಡನೇ ಮಗ್ಗುಲಿಗೆ ಅಷ್ಟು ಹೊತ್ತು ಬೇಡ. ನಡು ಮುಳ್ಳಿನ ಪಕ್ಕ ಮಾಂಸ ಸಲೀಸಾಗಿ ಬಿಟ್ಟುಬಂದರೆ ಇಳಿಸಬಹುದು.